ಗಣಪತಿ ಕಾಯ್ದ ಕಣ್ಣು

ನಾನು ಒಂದು ವಿಡಿಯೋ ಗೇಮ್ ಕ್ಯಾಸೆಟ್. ಹೊಟ್ಟೆಯಲ್ಲಿ ಟೇಪಿಲ್ಲ, ಹಾಡಿಲ್ಲ. ಆದರೂ ಜನ ಕ್ಯಾಸೆಟ್ ಎಂದೇ ಕರೆದರು, ನಾನೂ ಓಗೊಟ್ಟೆ. ಹುಟ್ಟೂರು ಹುಬ್ಬಳ್ಳಿ. ಹುಬ್ಬು ಇರಲಿಲ್ಲ, ಒಂದು ಕಣ್ಣು ಮಾತ್ರ ಇತ್ತು.

ನನ್ನ ಜಾತಿಯವರೆಲ್ಲ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹುಟ್ಟುತ್ತಾರೆ. ನನ್ನನ್ನು ಹುಟ್ಟಿಸಿದವನು ಇಂಜಿನಿಯರಿಂಗ್ ಓದುತ್ತಿದ್ದ ವಿರೂಪಾಕ್ಷ ಬೆಲ್ಲದ. ತಂಗಿ ನೀಲಾಳಿಗೆಂದು ತಾನೇ ಒಂದು ಆಟ ಬರೆದು, ಚಿಪ್ಪಿಗೆ ತುಂಬಿ, ಬೆಸುಗೆ ಹಾಕಿದ. ಮೇಲೆ ಮುಚ್ಚಳ ಕೂಡಲಿಲ್ಲ, ಬತ್ತಲೆಯೇ ಬೆಳೆದೆ. ಚಿಪ್ಪಿನ ನೆತ್ತಿಯ ಗಾಜಿನ ಕಿಟಕಿಯೇ ನನ್ನ ಕಣ್ಣು. ಅದಕ್ಕೆ ಬಿಸಿಲು ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ. ಹಾಗಾಗಿ ವಿರೂಪಾಕ್ಷ ಅದರ ಮೇಲೆ ಬೆಳ್ಳಿಬಣ್ಣದ ಗಣಪತಿ ಸ್ಟಿಕ್ಕರ್ ಅಂಟಿಸಿದ. ಮನೆಯವರು ಅದನ್ನು ಭಕ್ತಿ ಎಂದುಕೊಂಡರು.

ಆಟದಲ್ಲಿ ಒಂದು ಬುಗುರಿ ಮೂರು ಓಣಿ ತಿರುಗಿ ಮನೆ ಸೇರಬೇಕು. ಮೊದಲ ಓಣಿಯಲ್ಲಿ ಟಾಂಗಾ, ಎರಡನೆಯದರಲ್ಲಿ ಕಾಯಿಪಲ್ಯೆ ಬುಟ್ಟಿಗಳು. ಮೂರನೆಯದು ಅವರದೇ ಓಣಿ. ಬುಗುರಿ ಬಾಗಿಲು ಮುಟ್ಟಿದರೆ ನಾನು ಪೀಂ ಪೀಂ ಎಂದು ಅವ್ವನ ರಾಗದಲ್ಲೇ ಊಟಕ್ಕೆ ಕರೆಯುತ್ತಿದ್ದೆ. ನೀಲಾ ಮೂಗಿನಿಂದ ನನ್ನನ್ನೇ ಅಣಕಿಸುತ್ತಿದ್ದಳು. ಅವ್ವ ಒಳಗಿನಿಂದ ಇಬ್ಬರಿಗೂ ಬೈಯುತ್ತಿದ್ದಳು.

ಒಂದು ದಸರೆಯಲ್ಲಿ, ಖಂಡೇಪೂಜೆಗೆ ವಾರ ಮೊದಲೇ ಅವ್ವ ಮನೆಯ ಸಾಮಾನೆಲ್ಲ ಒರೆಸಿ ಪೂಜೆಗೆ ಅಣಿಮಾಡಿದಳು. ನನ್ನ ಗಣಪತಿ ಹರಿದಿದ್ದ. ಹರಿದ ದೇವರನ್ನು ಪೂಜೆಗಿಡಬಾರದೆಂದು ಭಕ್ತಿಯಿಂದಲೇ ಕಿತ್ತು, ನನ್ನನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಒಣಗಲೆಂದು ಮಾಳಿಗೆಯ ಮೇಲಿಟ್ಟಳು. ಹಬ್ಬದ ಗಡಿಬಿಡಿಯಲ್ಲಿ ಮರೆತೇಬಿಟ್ಟಳು. ಹುಟ್ಟಿದಾಗಿನಿಂದ ಸೂರ್ಯನನ್ನೇ ಕಾಣದ ನಾನು ದಿನಗಟ್ಟಲೆ ಅವನನ್ನೇ ನೋಡುತ್ತ ಬಿದ್ದಿದ್ದೆ. ಬನ್ನಿ ಹಂಚಿದ ಮೇಲೆ ಅವ್ವ ಕೆಳಗೆ ತಂದು ಕುಂಕುಮ ಇಟ್ಟಾಗ ಮೂರನೇ ಓಣಿ ನನಗೆ ಮರೆತುಹೋಗಿತ್ತು.

ವಿರೂಪಾಕ್ಷನಿಗೆ ನೋಡಿದೊಡನೆ ತಿಳಿಯಿತು. ಹೊಸ ಗಣಪತಿ ಅಂಟಿಸಿದ.

“ಮತ್ತ ಬರೀತೀನಿ. ಅವ್ವಗ ಮಾತ್ರ ಹೇಳಬ್ಯಾಡ,” ಎಂದ ತಂಗಿಗೆ.

ಬರೆಯಲಾಗಲಿಲ್ಲ. ಆ ಚಳಿಗಾಲದಲ್ಲೇ ಕಾಮಾಲೆ ಅವನನ್ನು ಕರೆದೊಯ್ದಿತು.

ಆಮೇಲೆ ಸೋದರಮಾವ ನನ್ನನ್ನು ಬಾಡಿಗೆ ಗೇಮಿನ ಅಂಗಡಿಗೆ ಕೊಟ್ಟ. ಅಲ್ಲಿ ಹುಡುಗರು ಯಂತ್ರಕ್ಕೆ ಸಿಕ್ಕಿಸುವ ನನ್ನ ಹಲ್ಲಿಗೆ ಊದಿದ್ದೇ ಊದಿದ್ದು. ಊದಿದರೆ ಧೂಳು ಹೋದೀತು, ಹೋದ ಓಣಿ ಬಂದೀತೇ? ಅರ್ಧಕ್ಕೇ ನಿಲ್ಲುತ್ತದೆಂದು ಬೈದು ಮೂಲೆಗೆಸೆದರು. ನೀಲಾ ಹೋಗಿ ನನ್ನನ್ನು ತಂದು ಗುಂಡಿಗಳ ಡಬ್ಬಿಯಲ್ಲಿಟ್ಟಳು. ಅಂಗಿಯೇ ಇಲ್ಲದ ನನಗೆ ಡಬ್ಬಿ ತುಂಬ ಗುಂಡಿ.

ಅವಳ ತಲೆ ನರೆಯುವ ಹೊತ್ತಿಗೆ ರೆಹಾನ್ ಸವಣೂರ ಎಂಬವನ ಸುದ್ದಿ ಬಂತು. ಹಳೆಯ ಆಟಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸ್ವತಃ ಹೊಸ ಕ್ಯಾಸೆಟ್ ಮಾಡಿಕೊಡುವವನು. ನೀಲಾ ನನ್ನನ್ನು ಅವನಲ್ಲಿಗೆ ಒಯ್ದಳು. ಅವನು ನನ್ನನ್ನು ಬಾಣಂತಿಯಂತೆ ನೋಡಿಕೊಂಡು, ನೆನಪನ್ನೆಲ್ಲ ಓದಿ, ತಲೆಯೆತ್ತಿದ.

“ಅಕ್ಕಾರ, ಎರಡು ಓಣಿ ಪೂರ್ತಿ ಅದಾವ್ರಿ. ಮೂರನೇದು ಖಾಲಿ.”

“ಅದು ನನ್ನ ಬಾಯಾಗ ಐತಿ,” ಎಂದಳು ನೀಲಾ.

ಕಟ್ಟೆ ಎಲ್ಲಿ, ನಳ ಎಲ್ಲಿ, ಎಮ್ಮೆ ಎಲ್ಲಿ ಅಡ್ಡ ಬರುತ್ತದೆ ಎಂದೆಲ್ಲ ಹೇಳಿ, ಕೊನೆಗೆ ಮೂಗು ಹಿಡಿದು ಪೀಂ ಪೀಂ ಎಂದಳು. ರೆಹಾನ್ ಬರೆಯುತ್ತ ಹೋದ. ಒಂದು ಷರತ್ತು ಹಾಕಿದ: ಹಳೆಯದಕ್ಕೆ ಕೈ ಹಚ್ಚುವುದಿಲ್ಲ, ಅಣ್ಣ ಬರೆದದ್ದು ಅಣ್ಣನದಾಗಿಯೇ ಇರಲಿ, ತಂಗಿ ಹೇಳಿದ್ದು ಹೊಸ ಕ್ಯಾಸೆಟ್ಟಿನಲ್ಲಿ.

ಹೊಸಬ ಮನೆಗೆ ಬಂದ. ಬುಗುರಿ ಮೂರೂ ಓಣಿ ದಾಟಿ ಬಾಗಿಲು ಮುಟ್ಟಿತು. ಅವನು ಪೀಂ ಎಂದ. ಒಳಗೆ ಮೆಂತ್ಯೆಸೊಪ್ಪು ಸೋಸುತ್ತಿದ್ದ ಅವ್ವನ ಕೈ ನಿಂತಿತು.

“ಯಾರದು, ನನ್ನಂಗ ಒದರೋರು?” ಎನ್ನುತ್ತ ಗೋಡೆ ಹಿಡಿದು ಬಂದಳು. ಟೀವಿಯ ಹತ್ತಿರ ಬಗ್ಗಿ ನೋಡಿದಳು. “ವಿರೂ ಮಾಡಿದ್ದಲ್ಲೇನ ಇದು.”

ಮೇಜಿನ ಮೇಲಿದ್ದ ನನ್ನನ್ನು ಗುರುತಿಸಿ ಎತ್ತಿಕೊಂಡಳು. ಗಣಪತಿಯ ಅಂಚು ಮತ್ತೆ ಹರಿದಿತ್ತು. ಅವಳ ಉಗುರು ಅಲ್ಲಿಗೇ ಹೋಯಿತು. ನೀಲಾ ಆ ಕೈ ಹಿಡಿದಳು.

“ಹರಿದ ದೇವರು ಇರಬಾರದು,” ಎಂದಳು ಅವ್ವ.

“ಇರಲಿ ಬಿಡವ್ವ. ಮ್ಯಾಲ ಇನ್ನೊಂದು ಹಚ್ಚು,” ಎಂದಳು ನೀಲಾ. ಅಣ್ಣನಿಗೆ ಕೊಟ್ಟ ಮಾತನ್ನು ಅವಳು ಇಂದಿಗೂ ಮುರಿದಿಲ್ಲ.

ಈಗ ನನ್ನ ಕಣ್ಣ ಮೇಲೆ ಇಬ್ಬರು ಗಣಪತಿಗಳು. ಮತ್ತೆ ಗುಂಡಿಗಳ ನಡುವೆ ಮಲಗಿದ್ದೇನೆ. ಏನೂ ಕಾಣುವುದಿಲ್ಲ, ಹಾಗಾಗಿಯೇ ಎರಡು ಓಣಿಗಳು ಚೆನ್ನಾಗಿ ನೆನಪಿವೆ. ಮೂರನೆಯದಕ್ಕೆ ನಾನು ಹೋಗಲಾರೆ. ಆದರೆ ಸಂಜೆ ಹೊರಗೆ ಹೊಸಬ ಪೀಂ ಎಂದಾಗ, ಬಂದೆ ಅವ್ವ, ಎನ್ನಬೇಕೆನಿಸುತ್ತದೆ.