ಅಪ್ಪ ಮುಟ್ಟಿದರೆ ಎಣಿಸದ ಬಿಲ್ಲೆ

ನನ್ನ ಅಪ್ಪ ಮುತ್ತಪ್ಪ ಅರ್ಧ ಸೀರೆಯನ್ನು ಕೈಯಿಂದ ನೇಯುತ್ತಾನೆ, ಇನ್ನರ್ಧವನ್ನು ಬಾಯಿಂದ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರು ಹಾದುಹೋದರೂ ಕಿಟಕಿಯಿಂದಲೇ ಕರೆದು ಮಾತಿಗೆ ಎಳೆಯುತ್ತಾನೆ. ಮಾತು ಮುಗಿಯುವ ಹೊತ್ತಿಗೆ ಸೆರಗಿನ ಸಾಲುಗಳ ಲೆಕ್ಕ ತಪ್ಪಿರುತ್ತದೆ. ತಪ್ಪು ಮಾತ್ರ ಯಾವಾಗಲೂ ಹಾದುಹೋದವರದು.

ಹಾಗಾಗಿ 2009ರಲ್ಲಿ, ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಪ್ರಾಜೆಕ್ಟ್ ಮಾಡಬೇಕಾಗಿ ಬಂದಾಗ ನಾನು ವಿಷಯಕ್ಕಾಗಿ ತಡಕಾಡಲಿಲ್ಲ. ಅಂಗೈ ಅಗಲದ ಒಂದು ಬೋರ್ಡು, ಅಂಕಿ ತೋರಿಸುವ ಪುಟ್ಟ ಪರದೆ, ಎರಡು ತಾಮ್ರದ ಬಿಲ್ಲೆ. ಒಂದು ಸಾಲು ಮುಗಿದಾಗ ಮೊದಲ ಬಿಲ್ಲೆ ಮುಟ್ಟಿದರೆ ಅಂಕಿ ಏರಬೇಕು, ಎರಡನೆಯದನ್ನು ಮುಟ್ಟಿದರೆ ಸೊನ್ನೆಗೆ ಬರಬೇಕು. ಒತ್ತುವ ಗುಂಡಿಯನ್ನೇ ಇಡಬಹುದಿತ್ತು. ಆದರೆ ಮಗ್ಗದ ಮನೆಯ ಹತ್ತಿಯ ಧೂಳು ಎಂಥ ಸಂದಿಗೂ ನುಗ್ಗುತ್ತದೆ, ಗುಂಡಿ ಎಂಟು ದಿನ ಬಾಳುವುದಿಲ್ಲ. ಮುಟ್ಟಿದರೆ ಸಾಕು ಎನ್ನುವ ಬಿಲ್ಲೆಗೆ ಸಂದಿಯೇ ಇಲ್ಲ.

ಲ್ಯಾಬಿನಲ್ಲಿ ಅದು ನೂರಕ್ಕೆ ನೂರು ಸಲ ನಡೆಯಿತು. ನನ್ನ ಗೈಡ್ ಮಿಲಿಂದ ಸರ್ ನೋಡಿದರು, ಮೀಸೆಯಲ್ಲೇ ನಕ್ಕರು.

"ಮಹಾನಂದಾ, ಲ್ಯಾಬಿನ್ಯಾಗ ಎಲ್ಲಾರದೂ ನಡೀತದ. ಐತವಾರ ನಾ ನಿಮ್ಮ ಮನೀಗೇ ಬರ್ತೇನಿ. ನಿಮ್ಮ ತಂದೆಯವರ ಕೈಯಾಗ ನಡದ್ರ ಸಹಿ ಮಾಡ್ತೇನಿ. ಇಲ್ಲಂದ್ರ ಮುಂದಿನ ವರ್ಷ ನೋಡೋಣು."

ಹೀಗೆ ನನ್ನ ಒಂದು ವರ್ಷ ಹೋಗಿ ಅಪ್ಪನ ಬೆರಳ ತುದಿಯಲ್ಲಿ ಕೂತಿತು.

ಗೆಳತಿಯ ಲ್ಯಾಪ್‌ಟಾಪನ್ನು ಎರವಲು ಪಡೆದು, ಹುನಗುಂದದ ಮೇಲೆ ಬರುವ ಬಸ್ಸಿನಲ್ಲಿ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಶುಕ್ರವಾರ ಊರಿಗೆ ಬಂದೆ. ಮಗ್ಗದ ಬದಿಗೆ ಕಟ್ಟಿ ಸ್ವಿಚ್ಚು ಹಾಕಿದೆ. ನಾನು ಮುಟ್ಟಿದೆ, ಒಂದು. ಅವ್ವ ಮುಟ್ಟಿದಳು, ಎರಡು. ಮಗ್ಗ ರಿಪೇರಿ ಮಾಡುವ ಪಕ್ಕದ ಮನೆಯ ನಬಿಸಾಬ ಕಾಕಾ ಮುಟ್ಟಿದ, ಮೂರು.

ಅಪ್ಪ ಮಗ್ಗದ ಮುಂದಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ. ಬೇರೆಯವರು ಶುರು ಮಾಡಿದ ಕೆಲಸಕ್ಕೆ ಅವನು ಕೈ ಹಾಕುವುದಿಲ್ಲ. ಅದಕ್ಕೆ ಸ್ವಿಚ್ಚು ಆರಿಸಿ, ತಾನೇ ಮತ್ತೆ ಹಾಕಿ, ಬಿಲ್ಲೆ ಮುಟ್ಟಿದ. ಸೊನ್ನೆ. ಇನ್ನೊಮ್ಮೆ ಮುಟ್ಟಿದ. ಸೊನ್ನೆ.

"ಲೇ ಮುತ್ತಪ್ಪ, ಅದಕ್ಕ ಮನಶ್ಯಾರು ಮುಟ್ಟಿದ್ರ ಅಷ್ಟ ತಿಳೀತೈತಂತ" ಎಂದ ನಬಿಸಾಬ ಕಾಕಾ.

"ಕತ್ತಲದಾಗ ಮುಟ್ಟಿ ಇದು ರೇಷ್ಮಿ, ಇದು ಹತ್ತಿ ಅಂತ ಹೇಳೂ ಬಟ್ಟು ಇದು" ಎಂದು ಅಪ್ಪ ಬೆರಳು ಎತ್ತಿ ತೋರಿಸಿದ.

"ನೀ ಎಲ್ಲಾನೂ ಗುರ್ತ ಹಿಡೀತಿ. ಅದು ನಿನ್ನ ಗುರ್ತ ಹಿಡೀವಲ್ದು, ಏನ್ ಮಾಡೂದು."

ನಾನು ಬೋರ್ಡನ್ನು ಬಿಚ್ಚಿ ಒಳಗೆ ಒಯ್ದು ಸ್ವಿಚ್ಚು ಹಾಕಿ ಮುಟ್ಟಿದೆ. ಒಂದು, ಎರಡು, ಮೂರು ಎಂದು ಚೆಂದಾಗಿ ಎಣಿಸಿತು. ನನಗೆ ಸಿಟ್ಟು ಬಂತು. ಬೋರ್ಡಿನ ಮೇಲಲ್ಲ, ಅಪ್ಪನ ಮೇಲೆ. ನಲವತ್ತು ವರ್ಷ ನೂಲು ಹಿಡಿದು ಬೆರಳು ಒಣಗಿ ದಡ್ಡುಗಟ್ಟಿವೆ, ಅದಕ್ಕೇ ಹೀಗೆ ಎಂದು ತೀರ್ಮಾನಿಸಿ ಕೈ ತೊಳೆಸಿದೆ. ಕೊಬ್ಬರಿ ಎಣ್ಣೆ ಹಚ್ಚಿಸಿದೆ. ಬೆರಳು ಒದ್ದೆ ಮಾಡಿಸಿದೆ. ಹೊಸ ಬ್ಯಾಟರಿ ಹಾಕಿದೆ. ಅಪ್ಪ ಪ್ರತಿ ಸಲವೂ ಬಂದು ಕೂತ, ತಾನೇ ಸ್ವಿಚ್ಚು ಹಾಕಿದ, ಮುಟ್ಟಿದ. ಪ್ರತಿ ಸಲವೂ ಸೊನ್ನೆ.

ಶನಿವಾರ ಪ್ರೋಗ್ರಾಮು ತಿದ್ದಿ, ಎಷ್ಟು ಹಗುರಾಗಿ ಮುಟ್ಟಿದರೂ ತಿಳಿಯುವ ಹಾಗೆ ಮಾಡಿದೆ. ಬೋರ್ಡು ಹಚ್ಚಿಟ್ಟು ನೀರು ಕುಡಿದು ಬರುವಷ್ಟರಲ್ಲಿ ಬೆಕ್ಕು ಅದರ ಹತ್ತಿರ ಸುಳಿದಾಡಿ ಹದಿನಾಲ್ಕು ಸಾಲು ಸೀರೆ ನೇಯ್ದಿತ್ತು. ಅಪ್ಪ ಕೂತಾಗ ಮತ್ತೆ ಸೊನ್ನೆ.

"ಶಿವಲಿಂಗವ್ವ, ಬೆಕ್ಕನ್ನ ಮಗ್ಗಕ್ಕ ಕೂಡ್ರಸು" ಎಂದು ನಬಿಸಾಬ ಕಾಕಾ ಅವ್ವನಿಗೆ ಹೇಳಿದ. "ಅದು ಮಾತರ ಆಡೂದಿಲ್ಲ."

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ನಗಲಿಲ್ಲ. ಕಿಟಕಿಯಾಚೆ ಇಬ್ಬರು ಹಾದುಹೋದರು, ಅಪ್ಪ ಅವರನ್ನು ಕರೆಯಲಿಲ್ಲ. ಆಗ ಮಾತ್ರ ನನಗೆ ಭಯವಾಯಿತು. ತನ್ನ ಬೆರಳಿನಿಂದ ಮಗಳ ವರ್ಷ ಹಾಳಾಗುತ್ತದೆ ಎಂದು ಅವನು ನಂಬಿಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಬೋರ್ಡನ್ನು ನೋಡುವುದು ಬಿಟ್ಟು ಅಪ್ಪನನ್ನು ನೋಡುತ್ತ ಕೂತೆ. ಎರಡು ದಿನವೂ ನನ್ನ ಕಣ್ಣು ಪರದೆಯ ಮೇಲೇ ಇತ್ತು, ನಮ್ಮ ಓದೇ ಹಾಗೆ. ಅಪ್ಪ ಬಲಗೈಯ ಎರಡು ಬೆರಳನ್ನು ಎರಡೂ ಬಿಲ್ಲೆಗಳ ಮೇಲಿಟ್ಟ. ಎಡಗೈಯಿಂದ ಸ್ವಿಚ್ಚು ಹಾಕಿದ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಆಮೇಲೆ ಬೆರಳು ತೆಗೆದು ಕಣ್ಣಿಗೆ ಒತ್ತಿಕೊಂಡ. ಮಗ್ಗ ಮುಟ್ಟುವ ಮೊದಲು ದಿನವೂ ಮಾಡುವ ನಮಸ್ಕಾರ.

ನಾನು ಹಣೆ ಬಡಿದುಕೊಂಡೆ.

ಬೋರ್ಡು ಎಚ್ಚರಾದ ತಕ್ಷಣ ಒಂದು ಕೆಲಸ ಮಾಡುತ್ತದೆ. ಯಾರೂ ಮುಟ್ಟದಿದ್ದಾಗ ಬಿಲ್ಲೆ ಹೇಗಿರುತ್ತದೆ ಎಂದು ಅಳೆದು ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಕಂಡರೆ ಬೆರಳು ಬಂತು ಎಂದು ಎಣಿಸುತ್ತದೆ. ಅಪ್ಪ ಹಚ್ಚಿದಾಗ ಅದು ಮೊದಲು ಕಂಡದ್ದೇ ಅಪ್ಪನ ಬೆರಳು. ಬಿಲ್ಲೆ ಅಂದರೆ ಬೆರಳಿನ ಸಮೇತ ಇರುವಂಥದ್ದು ಎಂದು ಅದು ತಿಳಿದುಕೊಂಡಿತ್ತು. ಆಮೇಲೆ ಎಷ್ಟು ಸಲ ಮುಟ್ಟಿದರೂ ಅದಕ್ಕೆ ಹೊಸದೇನೂ ಕಾಣಲಿಲ್ಲ.

"ಅಪ್ಪಾ, ಮೊದ್ಲ ನಮಸ್ಕಾರ ಮಾಡಿ ಕೈ ತಗದು, ಆಮ್ಯಾಲೆ ಸ್ವಿಚ್ಚು ಹಚ್ಚು."

"ಬಂದ್ ಇದ್ದಾಗ ಅದು ಬರೇ ಡಬ್ಬಿ. ಜೀವ ಬಂದಾಗ ಕೈ ಮುಟ್ಟಿರಬೇಕು."

"ಸರ್ ಬರೂ ಹೊತ್ತಾತು. ಇವತ್ತೊಂದಿನ ಬಿಡು."

"ಹಂಗ ಶುರು ಮಾಡಿದ ಕೆಲಸ ನಂಗ ಬ್ಯಾಡ, ತಂಗಿ" ಎಂದ. ದನಿ ಏರಿಸಲಿಲ್ಲ.

ಅಪ್ಪನನ್ನು ತಿದ್ದುವುದಕ್ಕಿಂತ ಪ್ರೋಗ್ರಾಮು ತಿದ್ದುವುದು ಸುಲಭ. ಹಚ್ಚಿದ ಮೇಲೆ ಮೂರು ಸೆಕೆಂಡು ಸುಮ್ಮನಿದ್ದು, ಆಮೇಲೆ ಅಳೆಯಬೇಕು ಎಂದು ಬರೆದೆ. ಬನಶಂಕರಿ ತಾಯಿಯ ಹೆಸರು ಹೇಳಲು ಅಪ್ಪನಿಗೆ ಎರಡು ಸೆಕೆಂಡು ಸಾಕು. ಪರೀಕ್ಷಿಸಿದೆವು. ಅಂಕಿ ಏರಿತು. ಅಪ್ಪ ಎದ್ದು ಹೋಗಿ ನಬಿಸಾಬ ಕಾಕಾನನ್ನೂ ಬೆಕ್ಕನ್ನೂ ಕರೆತಂದ.

ಹನ್ನೊಂದಕ್ಕೆ ಮಿಲಿಂದ ಸರ್ ಬಂದರು. ಗೋಡೆಗೆ ಒರಗಿ ಕೂತು ನನ್ನ ರಿಪೋರ್ಟು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು. ಅಪ್ಪ ಕುಣಿಗೆ ಇಳಿದು ಬೆರಳಿಟ್ಟ, ಸ್ವಿಚ್ಚು ಹಾಕಿದ, ಕಣ್ಣು ಮುಚ್ಚಿದ. ಕೈ ತೆಗೆದು ಕಣ್ಣಿಗೆ ಒತ್ತಿಕೊಂಡು ಬಿಲ್ಲೆ ಮುಟ್ಟಿದ.

ಸೊನ್ನೆ.

ಸರ್ ಟೊಪ್ಪಿಗೆಯನ್ನು ಮತ್ತೆ ಹಾಕಿದರು. ಅಪ್ಪ ಬೆರಳು ಇಟ್ಟು ತೆಗೆದದ್ದನ್ನು ಈ ಸಲ ನಾನು ನೋಡಿದ್ದೆ. ಮೂರಲ್ಲ, ಏಳೆಂಟು ಸೆಕೆಂಡು ಆಗಿತ್ತು.

"ಅಪ್ಪಾ, ಇಷ್ಟೊತ್ತ ಯಾಕ ಹಿಡದಿ? ಮುಂಜಾನೆ ಲಗೂ ಮುಗಸಿದ್ದೆಲಾ."

ಅಪ್ಪ ಸರ್ ಕಡೆ ನೋಡಿದ, ಆಮೇಲೆ ಲಾಳಿಯ ಕಡೆ.

"ದಿನಾ ತಾಯಿ ಹೆಸರ ಅಷ್ಟ ಹೇಳ್ತೇನಿ. ಇವತ್ತ ನಿಂದೂ ಹೇಳಬೇಕಾಗಿತ್ತಲಾ."

ಸರ್‌ಗೆ ಏನೂ ತಿಳಿಯಲಿಲ್ಲ. ನಾನೇ ಎಲ್ಲ ಬಿಡಿಸಿ ಹೇಳಿದೆ, ಬೆರಳು, ನಮಸ್ಕಾರ, ಮೂರು ಸೆಕೆಂಡು. ಅವರು ಬಾಗಿ ಬೋರ್ಡನ್ನು ನೋಡಿ ಅವ್ವನ ಕಡೆ ತಿರುಗಿದರು.

"ಶಿವಲಿಂಗವ್ವನವರ, ಇನ್ನೊಂದು ಕಪ್ ಚಹಾ ಕೊಡ್ರಿ. ಮಹಾನಂದಾ, ಅಷ್ಟರೊಳಗ ತಿದ್ದು."

ಲ್ಯಾಪ್‌ಟಾಪಿನ ಮೇಲಿನ ಅಕ್ಷರ ಮಂಜಾಗಿ ಕಾಣುತ್ತಿತ್ತು. ಅಳು ಬಂದಿತ್ತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಕಣ್ಣು ಒರೆಸಿಕೊಂಡು ಮೂರು ಅಳಿಸಿ ಹತ್ತು ಬರೆದೆ.

ಅಪ್ಪ ಮತ್ತೆ ಬೆರಳಿಟ್ಟು ಸ್ವಿಚ್ಚು ಹಾಕಿದ. ಎಲ್ಲರೂ ಕಾದೆವು. ತಾಯಿಯ ಹೆಸರು ಮುಗಿಯಿತು, ನನ್ನದೂ ಮುಗಿಯಿತು. ಹತ್ತು ಕಳೆದ ಮೇಲೆ ಪರದೆ ಮಿನುಗಿತು. ಅವನು ಬಿಲ್ಲೆ ಮುಟ್ಟಿದ. ಒಂದು.

ಸರ್ ಸಹಿ ಹಾಕುತ್ತಿದ್ದರು. ಕಿಟಕಿಯಾಚೆ ಯಾರೋ ಹಾದುಹೋದರು, ಅಪ್ಪ ಅವರನ್ನು ಕೂಗಿ ಕರೆದ.