ಮಾರ್ಸೇ ಪಟ್ಟಣದಲ್ಲಿ ಹುಣಸೆ ಬೀಜ

ಯಗಟಿಯ ಅಂಜಿನಮ್ಮನಿಗೆ ಐವತ್ತು ದಾಟುವವರೆಗೂ ಗೊತ್ತಿದ್ದ ದೊಡ್ಡ ನೀರೆಂದರೆ ತವರೂರು ಬುಕ್ಕಾಂಬುಧಿಯ ಕೆರೆ. ದೂರದ ಪ್ರಯಾಣವೆಂದರೆ ಉಣ್ಣೆಯ ಮೂಟೆ ಬಸ್ಸಿನ ಮೇಲೆ ಹಾಕಿಸಿ ಕಡೂರಿಗೋ ಬೀರೂರಿಗೋ ಹೋಗಿ ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು. ಅಂಥವಳು ಎಂಬತ್ತಾರನೇ ಇಸವಿಯಲ್ಲಿ, ಮಹಾನವಮಿ ಇನ್ನೂ ಹದಿನೈದು ದಿನ ಇದೆ ಎನ್ನುವಾಗ, ಗಂಡ ಸಣ್ಣಬೀರಪ್ಪನ ಜೊತೆ ವಿಮಾನ ಹತ್ತಿ ಫ್ರಾನ್ಸ್ ದೇಶದ ಮಾರ್ಸೇ ಎಂಬ ಬಂದರು ಪಟ್ಟಣಕ್ಕೆ ಹೋದಳು.

ಹೋಗಿದ್ದು ಕಂಬಳಿಯ ದೆಸೆಯಿಂದ. ನಾನಾ ದೇಶದ ಉಣ್ಣೆ ನೇಕಾರರನ್ನು ಒಂದೆಡೆ ಕೂರಿಸಿ ನೇಯ್ಗೆ ತೋರಿಸುವ ಪ್ರದರ್ಶನವೊಂದು ಅಲ್ಲಿ ಏರ್ಪಾಡಾಗಿತ್ತು. ಜಿಲ್ಲೆಯ ಉಣ್ಣೆ ಇಲಾಖೆಯ ಶಿವಮೂರ್ತಪ್ಪನವರು ಊರೂರು ಸುತ್ತಿ, ಕೊನೆಗೆ ಸಣ್ಣಬೀರಪ್ಪನ ಕೈಯ ಕಂಬಳಿಯನ್ನು ಆರಿಸಿದ್ದರು. ನೂಲುವವಳಿಲ್ಲದೆ ನೇಯುವವನು ಏನು ಮಾಡಿಯಾನು ಎಂದು ಅಂಜಿನಮ್ಮನ ಹೆಸರೂ ಸೇರಿತು. ಇಂಗ್ಲಿಷು ಬಲ್ಲ ಶಿವಮೂರ್ತಪ್ಪನವರೇ ಜೊತೆಗೆ ಬಂದರು.

ಅವರು ಇಳಿದುಕೊಂಡದ್ದು ರೈಲು ನಿಲ್ದಾಣದ ಹತ್ತಿರದ ಒಂದು ಛತ್ರದಂಥ ಮನೆಯಲ್ಲಿ. ನಿಲ್ದಾಣದ ಮುಂದೆ ನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಮೇಲೆ ನಿಂತರೆ ಇಡೀ ಪಟ್ಟಣದ ಹೆಂಚಿನ ಮಾಡುಗಳು, ಅದರಾಚೆ ಗುಡ್ಡದ ನೆತ್ತಿಯಲ್ಲಿ ಕೂಸನ್ನೆತ್ತಿಕೊಂಡು ನಿಂತ ಬಂಗಾರ ಬಣ್ಣದ ತಾಯಿಯ ವಿಗ್ರಹ. ಮೊದಲ ದಿನ ಅಂಜಿನಮ್ಮ ಆ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಅಷ್ಟೊಂದು ಮನೆಗಳನ್ನು ಒಟ್ಟಿಗೆ ಒಂದೇ ನೋಟಕ್ಕೆ ಅವಳು ಕಂಡಿರಲಿಲ್ಲ. ಪ್ರತಿ ಮನೆಯಲ್ಲೂ ಒಲೆ ಉರಿಯುತ್ತಿರಬೇಕಲ್ಲ, ಇಷ್ಟು ಒಲೆಗೆ ಸೌದೆ ಎಲ್ಲಿಂದ ಬರುತ್ತದೆ ಎಂದು ಯೋಚಿಸಿ ಸೋತಳು.

ಪ್ರದರ್ಶನದ ಮನೆ ಇದ್ದದ್ದು ಹಳೇ ಬಂದರಿನ ಆಚೆ ದಡದಲ್ಲಿ. ದಿನವೂ ನೆಲದೊಳಗಿನ ರೈಲು ಹತ್ತಿ, ಎರಡನೇ ನಿಲ್ದಾಣದಲ್ಲಿ ಇಳಿದು, ಬಂದರಿನ ಅಂಚಿನಲ್ಲಿ ಒಂದಿಷ್ಟು ನಡೆದು, ಸಣ್ಣ ದೋಣಿಯಲ್ಲಿ ನೀರು ದಾಟಬೇಕು. ತಾನಾಗಿ ಇಳಿಯುವ ಮೆಟ್ಟಿಲಿನ ಮೇಲೆ ಕಾಲಿಡಲು ಅವಳಿಗೆ ಮೂರು ದಿನ ಹಿಡಿಯಿತು. ಭೂಮಿಯ ಹೊಟ್ಟೆಯೊಳಗೆ ಹಗಲಿನಂಥ ಬೆಳಕು. ಕಣ್ಣು ಮಿಟುಕಿಸುವುದರೊಳಗೆ ರೈಲು ಬಂದು, ಬಾಗಿಲು ತಾನೇ ತೆರೆದು, ತಾನೇ ಮುಚ್ಚಿಕೊಳ್ಳುತ್ತಿತ್ತು. ಮೇಲೆ ಬಂದರೆ ಬೆಳ್ಳನೆಯ ಬಿಸಿಲು, ಸಾವಿರ ದೋಣಿಗಳ ಕಂಬ, ಕಲ್ಲುಹಾಸಿನ ಮೇಲೆ ಇನ್ನೂ ಬಾಲ ಬಡಿಯುವ ಮೀನು ಹರಡಿಕೊಂಡು ಕೂಗುವ ಹೆಂಗಸರು. ಬಂದರಿನ ಬಾಯಿಯ ಆಚೆ ಸಮುದ್ರ ಕಂಡ ದಿನ ಅವಳು ಶಿವಮೂರ್ತಪ್ಪನವರನ್ನು ಇದರ ಕೋಡಿ ಎಲ್ಲಿ ಬೀಳುತ್ತದೆ ಎಂದು ಕೇಳಿದಳು. ಇದಕ್ಕೆ ಕೋಡಿಯಿಲ್ಲ, ಏರಿಯೂ ಇಲ್ಲ ಎಂದರು ಅವರು. ಏರಿಯಿಲ್ಲದ ನೀರು ಊರೊಳಗೆ ನುಗ್ಗದೆ ಯಾರ ಮಾತಿಗೆ ನಿಂತಿದೆ ಎನ್ನುವುದು ಅವಳ ಮನಸ್ಸಿನಿಂದ ಬಹಳ ದಿನ ಹೋಗಲಿಲ್ಲ.

ಐದನೆಯ ದಿನ, ಊರಿನಲ್ಲೇ ಗಂಜಿ ಹಚ್ಚಿ ತಂದಿದ್ದ ನೂಲಿನ ಮೊದಲ ಕಂಬಳಿ ಮಗ್ಗದಿಂದ ಇಳಿಯಿತು. ಎರಡನೆಯದಕ್ಕೆ ಹಾಸು, ಎಂದರೆ ಮಗ್ಗದ ಉದ್ದಕ್ಕೆ ಎಳೆದು ಕಟ್ಟುವ ನೂಲು, ಹೂಡಬೇಕು. ಆ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸದಿದ್ದರೆ ಉಣ್ಣೆಯ ನೂಲು ಮಗ್ಗದ ಎಳೆತಕ್ಕೆ ತಡೆಯುವುದಿಲ್ಲ. ಅಂಜಿನಮ್ಮ ಬೀಜ ಹುರಿದು, ಪುಡಿ ಮಾಡಿ ಗಂಟು ಕಟ್ಟಿ ತಂದಿದ್ದಳು. ಈಗ ಪೆಟ್ಟಿಗೆ ತೆಗೆದು ನೋಡಿದರೆ ಹರಳೆಣ್ಣೆಯ ಸೀಸೆ ಒಡೆದು, ಪುಡಿಯೆಲ್ಲ ಎಣ್ಣೆ ಕುಡಿದು ಮುದ್ದೆಯಾಗಿತ್ತು. ಎಣ್ಣೆ ತಾಗಿದ ಗಂಜಿ ನೂಲಿಗೆ ಹತ್ತುವುದಿಲ್ಲ.

ಶಿವಮೂರ್ತಪ್ಪನವರು ಅಂಗಡಿಯಿಂದ ಮೈದಾ ಹಿಟ್ಟು ತರಿಸಿ ಕುದಿಸಿದರು. ಒಣಗಿದ ಮೇಲೆ ಅದು ಹಪ್ಪಳದ ಹಾಗೆ ಉದುರಿತು. ಎಳೆಗಳು ಪಟಪಟನೆ ಹರಿದವು. ಸಣ್ಣಬೀರಪ್ಪ ಮಗ್ಗ ಬಿಟ್ಟು ಗೋಡೆಗೆ ಒರಗಿ ಕೂತ. ನೋಡಲು ಬಂದ ಜನ ಖಾಲಿ ಮಗ್ಗ ನೋಡಿ ಮುಂದಕ್ಕೆ ಹೋಗುತ್ತಿದ್ದರು.

“ಸುಮ್ಕೆ ಅಷ್ಟು ದೂರದಿಂದ ಬಂದ್ವಲ್ಲೇ,” ಎಂದ. ಅವನು ಹಾಗೆ ಸೋತು ಮಾತಾಡಿದ್ದನ್ನು ಮೂವತ್ತೈದು ವರ್ಷದಲ್ಲಿ ಅವಳು ಕೇಳಿರಲಿಲ್ಲ.

“ಇಷ್ಟು ದೊಡ್ಡ ಪಟ್ಣದಾಗೆ ಹುಳಿ ತಿನ್ನೋರು ಒಬ್ರೂ ಇಲ್ವಾ? ನಾ ನೋಡ್ಕಂಡ್ ಬತ್ತೀನಿ,” ಎಂದು ಅವಳು ಎದ್ದಳು.

ಶಿವಮೂರ್ತಪ್ಪನವರಿಗೆ ಅವತ್ತು ಅಧಿಕಾರಿಗಳ ಜೊತೆ ಸಭೆಯಿತ್ತು. ಒಬ್ಬಳೇ ಹೋಗುವುದು ಬೇಡವೆಂದರು. ಅವಳು ಕೇಳದಿದ್ದಾಗ ಛತ್ರದ ವಿಳಾಸ ಬರೆದ ಚೀಟಿ ಕೊಟ್ಟು, ದಾರಿ ತಪ್ಪಿದರೆ ಗುಡ್ಡದ ಮೇಲಿನ ಬಂಗಾರದ ತಾಯಿಯ ಕಡೆಗೇ ನಡೆದು ಬಾ ಎಂದು ಹೇಳಿದರು. ಎಣ್ಣೆಯ ಮುದ್ದೆಯಲ್ಲಿ ಪುಡಿಯಾಗದೆ ಉಳಿದಿದ್ದ ಒಂದೇ ಒಂದು ಇಡೀ ಬೀಜವನ್ನು ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವಳು ಹೊರಟಳು.

ದೋಣಿಯವನು ಪರಿಚಯದವನಂತೆ ತಲೆಯಾಡಿಸಿ ದಾಟಿಸಿದ. ಬಂದರಿನಿಂದ ಮೇಲಕ್ಕೆ ಒಂದು ಅಗಲವಾದ ಬೀದಿ ಏರುತ್ತದೆ. ಎರಡೂ ಕಡೆ ನಾಲ್ಕೈದು ಅಂತಸ್ತಿನ ಕಲ್ಲುಮನೆ. ಅವುಗಳ ಗೋಡೆಯಿಂದ ಕಲ್ಲಿನ ಗಂಡಸರು, ಕಲ್ಲಿನ ಹೆಂಗಸರು ಹೊರಗೆ ಬಾಗಿ ಬೀದಿ ನೋಡುತ್ತಿದ್ದರು. ಯಾರ ಮುಖವೂ ಇನ್ನೊಬ್ಬರ ಹಾಗಿರಲಿಲ್ಲ. ಮೀಸೆಯ ಎಳೆ ಎಳೆಯನ್ನೂ ಕೆತ್ತಿದ ಆ ಕೈ ಎಂಥದಿರಬೇಕು ಎಂದು ಅವಳು ಕತ್ತೆತ್ತಿ ನಿಂತಿದ್ದರೆ, ಹಿಂದೆ ಬರುವವರು ಬೈಯದೆ ಬಳಸಿಕೊಂಡು ಹೋದರು. ಮಗ್ಗದ ಪಕ್ಕದಲ್ಲಿ ನೂಲುತ್ತ ಕೂತಾಗ ಹೊರಗಿನವರು ತನ್ನನ್ನು ನೋಡುತ್ತಿದ್ದರು. ಇವತ್ತು ತಾನು ಅವರನ್ನೆಲ್ಲ ನೋಡುತ್ತಿದ್ದೇನೆ ಎನಿಸಿ ಅವಳಿಗೆ ಒಳಗೊಳಗೇ ಹಿಗ್ಗಾಯಿತು.

ಮೊದಲ ಅಂಗಡಿಯವನಿಗೆ ಬೀಜ ತೋರಿಸಿದಳು. ಅವನು ಕಾಫಿ ಬೀಜದ ಡಬ್ಬಿ ತಂದ. ಎರಡನೆಯವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಹರಳಿನ ಸರ ಮಾರುವ ಅಂಗಡಿಯ ಕಡೆ ಕೈ ಮಾಡಿದ. ಔಷಧದ ಅಂಗಡಿಯವಳು ಕನ್ನಡಕ ಹಾಕಿಕೊಂಡು ನೋಡಿ, ಅಯ್ಯೋ ಪಾಪ ಎನ್ನುವಂತೆ ಅಂಜಿನಮ್ಮನ ಹಣೆ ಮುಟ್ಟಿ ಜ್ವರವಿದೆಯೇ ಎಂದು ಪರೀಕ್ಷಿಸಿದಳು. ಬಿಸಿಲು ಏರಿತು. ಇನ್ನು ತಿರುಗಿಬಿಡೋಣ ಎಂದುಕೊಳ್ಳುವ ಹೊತ್ತಿಗೆ ಬಲಗಡೆಯ ಸಂದಿಯಿಂದ ಜೀರಿಗೆ ಹುರಿದ ವಾಸನೆ ಬಂತು.

ಮೂಗು ಹೇಳಿದ ಕಡೆ ಕಾಲು ಹೋಯಿತು. ಸಂದಿ ದಾಟಿದರೆ ಒಂದು ಸಂತೆ. ಕೊತ್ತಂಬರಿ ಕಟ್ಟು, ಮೆಣಸಿನಕಾಯಿ ರಾಶಿ, ಗೆಣಸು, ಬೆಂಡೆಕಾಯಿ. ಉದ್ದನೆಯ ನಿಲುವಂಗಿಯ ಗಂಡಸರು, ತನಗಿಂತ ಕಪ್ಪಗಿನ ಹೆಂಗಸರು. ಮಾತು ಒಂದೂ ತಿಳಿಯದು, ಚೌಕಾಸಿಯ ರಾಗ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಪ್ರಪಂಚದ ಜನರೆಲ್ಲ ಹಡಗು ಇಳಿದು ಈ ಒಂದು ಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾರೇನೋ ಎನಿಸಿತು ಅವಳಿಗೆ.

ಮೂಲೆಯಲ್ಲಿ, ಹೂಬಣ್ಣದ ಬಟ್ಟೆ ಹೊದ್ದ ಮುದುಕಿಯೊಬ್ಬಳು ಒಣ ಮೀನು, ಶುಂಠಿ ಹರವಿಕೊಂಡು ಕೂತಿದ್ದಳು. ಯಾವ ದ್ವೀಪದವಳೋ. ಅಂಜಿನಮ್ಮ ಅಂಗೈಯ ಮೇಲೆ ಬೀಜವಿಟ್ಟು ಚಾಚಿದಳು. ಮುದುಕಿ ತೆಗೆದುಕೊಂಡು ಹೆಬ್ಬೆರಳಿನಿಂದ ತೀಡಿದಳು. ಆಮೇಲೆ ಕಣ್ಣು ಮುಚ್ಚಿ, ಮುಖ ಹಿಂಡಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಟಕ್’ ಎನಿಸಿದಳು.

ಅಂಜಿನಮ್ಮನಿಗೆ ಬಾಯಲ್ಲಿ ನೀರೂ ಕಣ್ಣಲ್ಲಿ ನೀರೂ ಒಟ್ಟಿಗೆ ಬಂದವು. ತಾನೂ ‘ಟಕ್’ ಎನಿಸಿದಳು. ಇಬ್ಬರೂ ನಕ್ಕರು.

ಮುದುಕಿ ಹಿಂದಿನಿಂದ ಒಂದು ಚೀಲ ಎಳೆದಳು. ಒಳಗೆ ಕಂದು ಬಣ್ಣದ ಹುಣಸೆ ಹಣ್ಣು, ಓಡು ಬಿಡಿಸದ್ದು. ಅಂಜಿನಮ್ಮ ಒಂದನ್ನು ಬಿಡಿಸಿ, ತಿರುಳನ್ನು ಮುದುಕಿಯ ತಟ್ಟೆಗೆ ಹಾಕಿ, ಬೀಜವನ್ನು ತನ್ನ ಸೆರಗಿಗೆ ಹಾಕಿಕೊಂಡು ತೋರಿಸಿದಳು. ಮುದುಕಿಗೆ ನಂಬಿಕೆಯಾಗಲಿಲ್ಲ. ಎಸೆಯುವುದನ್ನು ಕೇಳಿ, ತಿನ್ನುವುದನ್ನು ಬಿಡುವ ಗಿರಾಕಿಯನ್ನು ಅವಳೂ ಕಂಡಿರಲಿಕ್ಕಿಲ್ಲ. ಅರ್ಥವಾದ ಮೇಲೆ ಪಕ್ಕದಲ್ಲೊಂದು ಖಾಲಿ ಪೆಟ್ಟಿಗೆ ಕವುಚಿ ಹಾಕಿ ಕೂರಿಸಿಕೊಂಡಳು. ಇಬ್ಬರೂ ಸೇರಿ ಚೀಲವಿಡೀ ಬಿಡಿಸಿದರು. ಮುದುಕಿ ತನ್ನ ಮಾತಿನಲ್ಲಿ ಏನೇನೋ ಹೇಳಿದಳು. ಅಂಜಿನಮ್ಮ ತನ್ನ ಸೊಸೆಯ ವಿಚಾರ, ಈ ವರ್ಷ ಸತ್ತ ಮೂರು ಕುರಿಯ ವಿಚಾರ ಹೇಳಿಕೊಂಡಳು. ಎರಡು ತಾಸು ಹೋದದ್ದು ಗೊತ್ತಾಗಲಿಲ್ಲ. ಏಳುವಾಗ ಮುದುಕಿ ಎರಡು ಹಿಡಿ ಶುಂಠಿಯನ್ನೂ ಮಡಿಲಿಗೆ ಸುರಿದಳು.

ಬೀಜವನ್ನು ಛತ್ರದ ಅಡುಗೆಮನೆಯಲ್ಲಿ ಹುರಿದು, ನೆನೆಸಿ, ಸಿಪ್ಪೆ ತೆಗೆದು ಅರೆದದ್ದಾಯಿತು. ಮೂರನೆಯ ದಿನ ಗಂಜಿ ಹದಕ್ಕೆ ಬಂತು. ಆದರೆ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚಲು ಗಾಳಿಯಾಡುವ ಬಯಲು ಬೇಕು. ಪ್ರದರ್ಶನದ ಮೇಲ್ವಿಚಾರಕಿ ಹೋಗಿ ಬಂದರಿನವರನ್ನು ಕೇಳಿ, ಬಂದರಿನ ಕಟ್ಟೆಯ ಮೇಲೆ ಜಾಗ ಮಾಡಿಸಿದಳು.

ಅವತ್ತೇ ಗಾಳಿ ಎದ್ದಿತು. ಬಡಗಲಿಂದ ಬರುವ ಆ ಗಾಳಿಗೆ ಅಲ್ಲಿಯವರು ಒಂದು ಹೆಸರೇ ಇಟ್ಟಿದ್ದರು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ದೋಣಿಯ ಕಂಬಗಳೆಲ್ಲ ಒಟ್ಟಿಗೆ ಶಿಳ್ಳೆ ಹಾಕುತ್ತಿದ್ದವು. ಹಾಸಿನ ಒಂದು ತುದಿಯನ್ನು ಹಡಗು ಕಟ್ಟುವ ಕಬ್ಬಿಣದ ಗೂಟಕ್ಕೆ ಬಿಗಿದು, ಇನ್ನೊಂದನ್ನು ಸಣ್ಣಬೀರಪ್ಪ ಹಿಡಿದ. ಅಂಜಿನಮ್ಮ ಕುಂಚ ಅದ್ದಿ ಎಳೆದದ್ದೇ ತಡ, ಗಾಳಿ ಹಾಸಿನ ಕೆಳಗೆ ಹೊಕ್ಕು ಎತ್ತಿತು. ಸಾವಿರ ಕರಿ ಎಳೆಗಳು ಹೆಡೆಯ ಹಾಗೆ ಎದ್ದು ನಿಂತವು. ಸಣ್ಣಬೀರಪ್ಪನ ಕಾಲು ಕಲ್ಲಿನ ಮೇಲೆ ಜಾರಿತು.

ಅಲ್ಲೇ ಬಲೆ ಹೊಲಿಯುತ್ತ ಕೂತಿದ್ದ ಬೆಸ್ತರು ಆರೇಳು ಜನ. ಯಾರೂ ಕರೆಯಲಿಲ್ಲ. ಸೂಜಿ ಕೆಳಗಿಟ್ಟು ಎದ್ದು ಬಂದರು. ಇಬ್ಬರು ಹಗ್ಗ ಹಿಡಿದರು, ಇಬ್ಬರು ಬಲೆಯ ಸೀಸದ ಗುಂಡುಗಳನ್ನು ತಂದು ಅಂಚಿಗೆ ಇಳಿಬಿಟ್ಟರು. ಬಿಳಿ ಗಡ್ಡದವನೊಬ್ಬ ಸಡಿಲಾದ ಗಂಟು ಬಿಚ್ಚಿ ಬೇರೆ ಥರ ಗಂಟು ಹಾಕಿದ. ಹಾಸು ತಂತಿಯ ಹಾಗೆ ನಿಂತಿತು. ನೂಲಿನ ಮೇಲೆ ಅವರು ಕೈಯಿಟ್ಟ ರೀತಿ ನೋಡಿಯೇ ಅಂಜಿನಮ್ಮ ಮತ್ತೆ ಕುಂಚ ಅದ್ದಿದಳು. ಎಳೆ ಹಿಡಿದು ಬದುಕಿದ ಕೈಗಳು ಅವು.

“ನಮ್ಮೋರೇ ಕಣೇ ಇವ್ರು,” ಎಂದ ಸಣ್ಣಬೀರಪ್ಪ.

ಆ ಗಾಳಿಗೆ ಹಾಸು ಒಂದೇ ತಾಸಿನಲ್ಲಿ ಒಣಗಿತು. ಊರಿನಲ್ಲಾದರೆ ಅರ್ಧ ದಿನ ಬೇಕು.

ಎರಡನೆಯ ಕಂಬಳಿ ಹತ್ತು ದಿನಕ್ಕೆ ಮುಗಿಯಿತು. ಊರಿಗೆ ಹೊರಡುವ ಮುಂಚಿನ ಭಾನುವಾರ ಬಿಳಿ ಗಡ್ಡದವನು ಗಂಡ ಹೆಂಡತಿ ಇಬ್ಬರನ್ನೂ ತನ್ನ ದೋಣಿಯಲ್ಲಿ ಕೂರಿಸಿಕೊಂಡು ಬಂದರಿನ ಬಾಯಿಯ ಎರಡು ಕೋಟೆಗಳ ನಡುವಿನಿಂದ ಹೊರಗೆ ಕರೆದುಕೊಂಡು ಹೋದ. ಬಿಳಿಯ ಬಂಡೆಗಳ ದ್ವೀಪ ದಾಟಿದ ಮೇಲೆ ಎಂಜಿನ್ ನಿಲ್ಲಿಸಿದ. ಸುತ್ತ ನೀರು, ಮೇಲೆ ಬೆಳಕು, ನಡುವೆ ಮೂವರು. ಅಷ್ಟರಲ್ಲಿ ದೂರದಿಂದ ಬಂದ ಹಡಗೊಂದು ಅವರ ಪಕ್ಕದಲ್ಲೇ ಹಾದುಹೋಯಿತು. ಒಂದು ಬೀದಿಗೆ ಬೀದಿಯೇ ಎದ್ದು ನಡೆದ ಹಾಗೆ, ಸಾಲು ಸಾಲು ಕಿಟಕಿ, ಮೇಲೆ ಕೈಬೀಸುವ ಜನ. ಅದರ ನೆರಳು ದೋಣಿಯ ಮೇಲೆ ಬಿದ್ದು, ಸರಿದು, ಮತ್ತೆ ಬಿಸಿಲು ಬರುವವರೆಗೆ ಅಂಜಿನಮ್ಮ ಉಸಿರು ಬಿಡಲಿಲ್ಲ.

“ಯಾವ ದೇವ್ರಿಗೆ ಕೈ ಮುಗ್ದೆ?” ಎಂದು ಸಣ್ಣಬೀರಪ್ಪ ಕೇಳಿದ.

ಆಗಲೇ ಅವಳು ಜೋಡಿಸಿಕೊಂಡಿದ್ದ ತನ್ನ ಕೈಗಳನ್ನು ನೋಡಿಕೊಂಡದ್ದು.

“ನಂಗೊತ್ತಿಲ್ಲ ಕಣಪ್ಪ,” ಎಂದಳು. “ತಾವೇ ಕೂಡ್ಕಂಡ್ವು.”