ಆರಿಹೋಗುವ ಸಾಲು

ಬಸವಂತಪ್ಪ ಸಾಹೇಬರು ಗುಂಡಿ ಒತ್ತಿದರು. ಹಲಗೆಯ ಮೇಲಿನ ಪುಟ್ಟ ದೀಪಗಳೆಲ್ಲ ಹೊತ್ತಿಕೊಂಡವು. ಒಂದು ಸಾಲು ಮಾತ್ರ ಮಿಣಮಿಣ ಎಂದು ಆರಿಹೋಯಿತು.

"ಮತ್ತ ಅದ ಸಾಲು!" ಸಾಹೇಬರು ಹಲ್ಲು ಕಡಿದರು. "ಮೋನಪ್ಪಾ, ಬೆಸಗಿ ಹಾಕೀಯೋ, ಅಂಟು ಹಚ್ಚೀಯೋ?"

ಕೊಲಾಬಾದ ಆ ಬ್ಯಾರಕ್ಕಿನಲ್ಲಿ ಲೆಕ್ಕ ಮಾಡುವ ಯಂತ್ರವೊಂದನ್ನು ಕಟ್ಟುತ್ತಿದ್ದರು. ಹೇಳಿದ್ದನ್ನು ಅದು ನೆನಪಿಟ್ಟುಕೊಳ್ಳುವುದು ಕೊತ್ತಂಬರಿ ಕಾಳಿನಷ್ಟು ಸಣ್ಣ ಉಂಗುರಗಳಲ್ಲಿ. ದೀಪ ಹೊತ್ತಿದರೆ ಉಂಗುರಕ್ಕೆ ನೆನಪಿದೆ, ಆರಿದರೆ ಮರೆತಿದೆ. ತಂತಿಯ ತುದಿ ಕೆರೆದು ಉಂಗುರಗಳನ್ನು ಪೋಣಿಸಿ ಚೌಕಟ್ಟು ಮಾಡುವುದು ಸೇವಂತಿಯ ಕೆಲಸ. ತುದಿಗಳಿಗೆ ಬೆಸುಗೆ ಹಾಕುವುದು ಮೋನಪ್ಪನದು. ವಡಾಲದ ಚಾಳಿನಲ್ಲಿ ಅವನು ಪಕ್ಕದ ಖೋಲಿಯವನು. ಗಂಡ ತೀರಿಕೊಂಡ ಮೇಲೆ ಅವಳನ್ನು ಕರೆತಂದು ಇಲ್ಲಿ ಸೇರಿಸಿದವನೂ ಅವನೇ.

ಸಾಹೇಬರು ಪೆನ್ಸಿಲಿನಿಂದ ಚೌಕಟ್ಟಿನ ಅಂಚನ್ನು ಕುಟ್ಟಿದರು. ಸಾಲು ಹೊತ್ತಿತು. ಮತ್ತೆ ಕುಟ್ಟಿದರು. ಆರಿತು.

"ಉಂಗುರ ಬರೋಬ್ಬರಿ ಅದಾವ. ಬೆಸಗೀನ ಸಡ್ಲ. ಹಿಂದಿನ ಚೌಕಟ್ಟಿನಾಗೂ ಹಿಂಗ ಆತು. ನಾಳಿಂದ ಬರಬ್ಯಾಡ ನೀ."

"ಸರ್, ನಾನು ಸರಿ ಕಾಯಿಸಿಯೇ ಹಾಕಿದ್ದು..." ಎಂದ ಮೋನಪ್ಪ.

ಸೇವಂತಿ ಬಗ್ಗಿ ಆ ತುದಿಯನ್ನು ನೋಡಿದಳು. ಬೆಸುಗೆ ಕಚ್ಚದ ಕಡೆ ಬೆಳ್ಳಗೆ ಒಂದು ಕಲೆ. ಸೂಜಿಗೆ ದಾರವಾಗಲಿ, ಅಬ್ಬಲಿಗೆ ಹೂ ಕಟ್ಟುವ ನೂಲಾಗಲಿ, ತುದಿಯನ್ನು ತುಟಿಗಿಟ್ಟು ಒದ್ದೆ ಮಾಡದೆ ಅವಳ ಕೈ ಓಡುತ್ತಿರಲಿಲ್ಲ. ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಸುಣ್ಣ.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮೋನಪ್ಪ ಆಗಲೇ ಮೊಳೆಯಿಂದ ಟೊಪ್ಪಿ ತೆಗೆಯುತ್ತಿದ್ದ.

"ಮೋನಪ್ಪಣ್ಣಾ, ನಿಲ್ಲಿ," ಎಂದಳು. "ಸರ್, ತಪ್ಪು ಅವರ ಕೈಯದ್ದಲ್ಲ, ನನ್ನ ಬಾಯಿಯದ್ದು. ಪೋಣಿಸುವಾಗ ತುದಿ ಬಾಯಿಗಿಡ್ತೇನೆ. ಇದು ಸುಣ್ಣ."

ಸಾಹೇಬರು ತುದಿಯನ್ನೂ ಅವಳ ಕೆಂಪು ತುಟಿಯನ್ನೂ ಒಂದರ ನಂತರ ಒಂದು ನೋಡಿದರು.

"ಯಂತ್ರಕ್ಕ ತಾಂಬೂಲ ಕೊಟ್ಟೀರೇನ್ರೀ ಅಕ್ಕಾರ! ತೊಳೀರಿ, ನೋಡೋಣು. ಈಗೂ ಸಾಲು ನಿಲ್ಲಲಿಲ್ಲಂದ್ರ ಇಬ್ರೂ ಮನೀಗೆ."

ಸೇವಂತಿ ತುದಿ ಕೆರೆದು, ಸ್ಪಿರಿಟಿನಲ್ಲಿ ಒರೆಸಿ ಕೊಟ್ಟಳು. ಮೋನಪ್ಪ ಉಸಿರು ಬಿಗಿಹಿಡಿದು ಬೆಸುಗೆ ಇಟ್ಟ. ಅದು ತಣಿಯುವ ತನಕ ಕಾದರು.

ಗುಂಡಿ ಒತ್ತಿದ್ದಾಯಿತು. ಸಾಲು ಹೊತ್ತಿತು. ಪೆನ್ಸಿಲ್ ಕುಟ್ಟಿತು, ದೀಪ ಹಾಗೆಯೇ ಇತ್ತು. ಸಾಹೇಬರು ಮೇಜಿಗೇ ಒಂದು ಗುದ್ದು ಕೊಟ್ಟರು. ಚಹಾದ ಕಪ್ಪು ಕುಣಿಯಿತು, ಸಾಲು ಮಿಸುಕಲಿಲ್ಲ.

"ಟೊಪ್ಪಿ ಮೊಳಿಗೆ ಹಾಕೋ ಮೋನಪ್ಪಾ."

ಸೇವಂತಿ ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಹೊಸ ತಂತಿ ಎತ್ತಿಕೊಂಡಳು. ಕೈ ತಾನಾಗಿ ತುಟಿಯ ಹತ್ತಿರ ಹೋಯಿತು.

"ಸೇವಂತಕ್ಕಾ!" ಎಂದ ಮೋನಪ್ಪ.